ಅತ್ತಿಗೆ ಸೈಡ್ ಕೊಟ್ಟ ವರ್ಷ

ತೋಟದ ನೆರಳಿಗೆ ಸಿಲ್ವರ್ ಮರದ ಸಸಿ ಬೇಕು, ಬಂದು ಜಾಗ ನೋಡಿಕೊಂಡು ಹೋಗು ಎಂದು ಮೊನ್ನೆ ಬೋಪಯ್ಯನವರು ಹೇಳಿಕಳಿಸಿದ್ದರು. ಸುಂಟಿಕೊಪ್ಪದ ಮೇಲಿರುವ ಅವರ ಎಸ್ಟೇಟಿಗೆ ಹೋದಾಗ ಕಾಫಿ ಕುಯ್ಲು ಜೋರಾಗಿ ನಡೆದಿತ್ತು. ಬಿಸಿಲಿಗೆ ಕಾದ ಹಣ್ಣಿನ ಹುಳಿ ವಾಸನೆ ಗೇಟಿನವರೆಗೂ ಬರುತ್ತಿತ್ತು. ಕಾಫಿ ಒಣಗಿಸುವ ಆ ದೊಡ್ಡ ಸಿಮೆಂಟಿನ ಕಣದಲ್ಲಿ ಇಬ್ಬರು ಹೆಂಗಸರು ಬರಿಗಾಲಲ್ಲಿ ಹಣ್ಣು ಕೆದಕುತ್ತಿದ್ದರು. ನಾನೂ ಚಪ್ಪಲಿ ಬಿಟ್ಟು ಇಳಿದೆ. ಅಂಗಾಲಿಗೆ ಸಿಮೆಂಟು ಚುರುಕ್ ಅಂದದ್ದೇ ತಡ, ಆ ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂದು ನಿಂತಿತು. ಈ ಕಣದ ಮೇಲೆ ನಾನೂ ನನ್ನ ಅತ್ತಿಗೆಯೂ ಕಾರ್ ರೇಸ್ ಕಲಿತೆವು ಅಂದರೆ ಆ ಹೆಂಗಸರು ನಂಬುತ್ತಿದ್ದರೋ ಇಲ್ಲವೋ. ನಾನು ಹೇಳಲಿಲ್ಲ. ಹೇಳಿದ್ದರೆ ಅವರ ಕೆಲಸ ಕೆಡುತ್ತಿತ್ತು, ನನ್ನ ಬಾಯಿ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ.

ನಮ್ಮದು ಕುಶಾಲನಗರದ ಹತ್ತಿರದ ಹಳ್ಳಿ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು. ಕೊಡಗಿನವರು ನಮ್ಮನ್ನು ಹಾಸನದ ಕಡೆಯವರು ಅನ್ನುತ್ತಾರೆ. ಹಾಸನಕ್ಕೆ ಹೋದರೆ ಅಲ್ಲಿಯವರು ಕೊಡಗಿನವರು ಬಂದರು ಅನ್ನುತ್ತಾರೆ. ಅಣ್ಣ ಭತ್ತ, ಶುಂಠಿ ಬೆಳೆಯುತ್ತಾನೆ. ನಾನು ಮದುವೆಯ ಗೋಜಿಗೆ ಹೋಗದೆ ಕಾಫಿ, ಮೆಣಸು, ಸಿಲ್ವರ್ ಸಸಿಗಳ ನರ್ಸರಿ ಇಟ್ಟುಕೊಂಡವಳು. ಅಣ್ಣನ ಹೆಂಡತಿ ರತ್ನ, ನನ್ನ ಅತ್ತಿಗೆ, ನಲವತ್ತು ದಾಟಿದವಳು. ಸಂಬಂಧದಲ್ಲಿ ಅತ್ತಿಗೆ, ಮಾತಿನಲ್ಲಿ ನಾವಿಬ್ಬರೂ ಮೊದಲಿನಿಂದ ಏಕವಚನ. ಟ್ರ್ಯಾಕ್ಟರು, ಪಿಕಪ್ಪು, ಜೀಪು, ಮನೆಯಲ್ಲಿ ಏನಿದೆಯೋ ಅದೆಲ್ಲವನ್ನೂ ಓಡಿಸುತ್ತಾಳೆ. ಆದರೆ ಅದನ್ನು ಯಾರೂ ಒಂದು ವಿದ್ಯೆ ಎಂದು ಎಣಿಸಿರಲಿಲ್ಲ. ಶುಂಠಿ ಮಂಡಿಗೆ ಹೋಗಬೇಕಿತ್ತು, ಹೋಗುತ್ತಿದ್ದಳು, ಅಷ್ಟೆ.

ರೇಸಿನ ಹುಚ್ಚು ಇದ್ದದ್ದು ನನಗೆ. ಭತ್ತ ಕೊಯ್ದ ಗದ್ದೆಗಳಲ್ಲಿ ನಮ್ಮ ಕಡೆ ಕಾರು, ಜೀಪುಗಳ ಓಟ ನಡೆಯುತ್ತದಲ್ಲ, ಅದರಲ್ಲಿ ಹೆಂಗಸರ ವಿಭಾಗಕ್ಕೆ ತಪ್ಪದೆ ಹೆಸರು ಕೊಡುತ್ತಿದ್ದೆ. ಆ ವರ್ಷ ಶ್ರೀಮಂಗಲದ ಕಡೆ ಒಂದು ಗದ್ದೆಯಲ್ಲಿ ಓಟವಿತ್ತು. ಅತ್ತಿಗೆ ಬಂದದ್ದು ರೊಟ್ಟಿ ಡಬ್ಬಿ ಹಿಡಿದುಕೊಂಡು, ನೋಡಲಿಕ್ಕೆ. ಒಬ್ಬಳು ಕಡಿಮೆಯಿದ್ದಾಳೆ ಎಂದು ಮೈಕಿನಲ್ಲಿ ಕೂಗಿದಾಗ ನಾನೇ ಅವಳನ್ನು ತಳ್ಳಿದೆ. ಬೇಡ ಬೇಡ ಅನ್ನುತ್ತಲೇ ಸೆರಗು ಸಿಕ್ಕಿಸಿ ಹೆಲ್ಮೆಟ್ ಹಾಕಿಕೊಂಡಳು. ಅವಳು ಮೊದಲನೆಯವಳಾದಳು, ನಾನು ಎರಡನೆಯವಳು. ನನಗೆ ಹೇಗಾಗಿರಬೇಡ!

ಬಹುಮಾನ ಅಂದರೆ ಕಪ್ಪಲ್ಲ, ದುಡ್ಡಲ್ಲ. ಮೊದಲಿಬ್ಬರನ್ನು ಜೋಡಿ ಮಾಡಿ, ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಹೊಸಬರಿಗಾಗಿ ನಡೆಯುವ ಒಂದು ಚಾಂಪಿಯನ್‌ಶಿಪ್ಪಿಗೆ ಕಳಿಸುತ್ತಿದ್ದರು. ಅದರಲ್ಲಿ ಎಲ್ಲರಿಗೂ ಒಂದೇ ಮಾದರಿಯ ಕಾರು. ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಅದೇ ಇಂಜಿನ್, ಅದೇ ಟೈರು. ಇಂಜಿನ್ನಿಗೆ ಸೀಲ್ ಹಾಕಿರುತ್ತಾರೆ, ಯಾರೂ ಕೈ ಹಾಕುವಂತಿಲ್ಲ. ಸೋತವರು ಗಾಡಿ ಸರಿಯಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೇ ಇಲ್ಲ. ಒಂದು ಕಾರಿಗೆ ಇಬ್ಬರು. ಪ್ರತಿ ಸಲವೂ ಎರಡು ಓಟ, ಒಬ್ಬೊಬ್ಬರಿಗೆ ಒಂದೊಂದು, ಇಬ್ಬರ ಅಂಕವೂ ಕಾರಿನ ಲೆಕ್ಕಕ್ಕೆ. ಮೂರು ಸಲ ಓಡಬೇಕು. ಕೊನೆಗೆ ಮೊದಲ ಹತ್ತರೊಳಗೆ ಬಂದ ಜೋಡಿಗಳಿಗೆ ಮುಂದಿನ ವರ್ಷವೂ ಕಾರು. ಉಳಿದವರು ಹೊಸಬರಿಗೆ ಜಾಗ ಬಿಟ್ಟು ಮನೆಗೆ.

ಅಭ್ಯಾಸಕ್ಕೆ ಜಾಗ ಬೇಕಿತ್ತು. ಮಳೆಗಾಲದಲ್ಲಿ ಕಾಫಿ ಕಣ ಖಾಲಿ ಬಿದ್ದಿರುತ್ತದೆ ಎಂದು ನೆನಪಾಗಿ ಬೋಪಯ್ಯನವರನ್ನು ಹೋಗಿ ಕೇಳಿದೆವು. ಅವರು ಮೀಸೆ ನೀವಿಕೊಂಡರು.

“ಕಾರು ಓಡ್ಸಿ, ಬೇಡ ಹೇಳುದಿಲ್ಲ. ಚಪ್ಪಲಿ ಹಾಕ್ಕೊಂಡು ಮಾತ್ರ ಕಣಕ್ಕೆ ಇಳೀಬಾರ್ದು. ನಮ್ಮ ಅಪ್ಪನ ಕಾಲದಿಂದ ಯಾರೂ ಇಳಿದಿಲ್ಲ.”

“ಕಾರಿನ ಟೈರು ಇಳಿಬೋದಾ ಅಂಕಲ್?” ಅಂದೆ ನಾನು.

“ಟೈರು ಎಂಥ, ಜೀಪು ದಿನಾ ಬರ್ತದಲ್ಲ. ಚಪ್ಪಲಿ ಬೇರೆ, ಟೈರು ಬೇರೆ.”

ಅದರಲ್ಲಿ ಏನು ನ್ಯಾಯವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಕಾಫಿ ಬಿದ್ದ ನೆಲಕ್ಕೆ ಅವರು ಕೊಡುವ ಮರ್ಯಾದೆ ಅದು, ಎದುರು ಮಾತಾಡುವುದು ಹೇಗೆ? ಹಾಗಾಗಿ ಇಡೀ ಮಳೆಗಾಲ ಬರಿಗಾಲಲ್ಲೇ ಕಲಿತೆವು. ಅಣ್ಣನ ಹಳೇ ಕಾರೇ ನಮ್ಮ ರೇಸ್ ಕಾರು, ಕಾಫಿ ಸಿಪ್ಪೆ ತುಂಬಿ ಅಲ್ಲಲ್ಲಿ ಇಟ್ಟ ಗೋಣಿಚೀಲಗಳೇ ನಮ್ಮ ತಿರುವುಗಳು. ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಬ್ರೇಕು ಸ್ವಲ್ಪ ಹೆಚ್ಚಾದರೂ ಕಾರು ಬುಗುರಿ. ಆ ವರ್ಷದ ಮಳೆಯೂ ಹಾಗೇ ಇತ್ತು, ಹಿಡಿದರೆ ಬಿಡುತ್ತಿರಲಿಲ್ಲ. ಬೆಳಗ್ಗೆಯೆಲ್ಲ ನರ್ಸರಿಯಲ್ಲಿ ಸಸಿ ಎಣಿಸಿ ಜೀಪಿಗೆ ತುಂಬಿಸಿ, ಅತ್ತಿಗೆ ಗದ್ದೆಯಲ್ಲಿ ನಾಟಿಯವರಿಗೆ ಊಟ ಕೊಟ್ಟು, ಸಂಜೆ ಹೊತ್ತಿಗೆ ಇಬ್ಬರೂ ಕಣಕ್ಕೆ.

ನಾನು ಗೋಣಿಚೀಲಗಳನ್ನು ಗುದ್ದಿಕೊಂಡು ಹೋಗುತ್ತಿದ್ದೆ. ಅತ್ತಿಗೆ ಮಾತ್ರ ಒಂದನ್ನೂ ಮುಟ್ಟುತ್ತಿರಲಿಲ್ಲ. ಅವಳ ಕಾಲಬೆರಳು ಪೆಡಲಿನ ಮೇಲೆ ಹೇಗಿರುತ್ತಿತ್ತು ಅಂದರೆ, ಮಗು ಮಲಗಿದೆಯೇ ಎಂದು ತೊಟ್ಟಿಲು ಮುಟ್ಟಿ ನೋಡುವ ಹಾಗೆ. ಒಂದು ದಿನ ಅವಳ ಪಾದಕ್ಕೆ ಜಿಗಣೆ ಹತ್ತಿ ರಕ್ತ ಸೋರುತ್ತಿದ್ದರೂ ಸುತ್ತು ಮುಗಿಸದೆ ಇಳಿಯಲಿಲ್ಲ.

“ಅಯ್ಯೋ, ನಿಲ್ಲಿಸೆ! ಕಾಲಲ್ಲಿ ಜಿಗಣೆ!” ಎಂದು ನಾನು ಪಕ್ಕದ ಸೀಟಿನಿಂದ ಕಿರುಚಿದರೆ, “ಅದೂ ಒಂದು ರೌಂಡು ನೋಡ್ಕಳ್ಳಿ ಬಿಡು, ಯಾವತ್ತು ಕಾರಲ್ಲಿ ಕೂತಿತ್ತು ಅದು?” ಅಂದಳು.

ಸಂಜೆ ಮಳೆ ನಿಂತಾಗ ಕಣದ ಕಟ್ಟೆಯ ಮೇಲೆ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದೆವು. ಅಂಥ ಒಂದು ಸಂಜೆ ಅವಳು ಲೋಟ ಕೆಳಗಿಟ್ಟು ಹೇಳಿದ್ದು ನನಗೆ ಮಾತಿಗೆ ಮಾತು ನೆನಪಿದೆ.

“ಸುಮಾ, ನಂಗೆ ಎಲ್ಲಾ ಕೆಲ್ಸನೂ ಬತ್ತದೆ ಕಣೆ. ನಾಟಿ ಬತ್ತದೆ, ಅಡಿಗೆ ಬತ್ತದೆ, ಹಸ ಕರೆಯೋದು ಬತ್ತದೆ. ಯಾವ್ದೂ ನಂಗೆ ಬೇಕು ಅಂತ ಕಲ್ತಿದ್ದಲ್ಲ, ಮಾಡ್ಬೇಕಿತ್ತು ಮಾಡ್ದೆ. ಇದೊಂದು ನಂಗೆ ಬೇಕು ಅನ್ಸದೆ. ಒಂದು ವರ್ಷಕ್ಕೆ ಮುಗಿಸಿ ಸುಮ್ನೆ ಕೂರಕ್ಕೆ ನನ್ ಕೈಲಿ ಆಗಕ್ಕಿಲ್ಲ.”

ಅವಳು ಹಾಗೆ ಬೇಕು ಅಂದದ್ದನ್ನು ಇಪ್ಪತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ. ಸೀರೆ ತರುವಾಗಲೂ ಯಾವುದಾದರೂ ಆದೀತು ಅನ್ನುವವಳು. ಹತ್ತರೊಳಗೆ ಬರಲೇಬೇಕು ಎಂದು ನಾನು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಮೊದಲ ಓಟಕ್ಕೆ ಅಣ್ಣನೇ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಗೊಣಗಾಟ. “ಇಬ್ರೂ ಒಂದೇ ಕಾರಲ್ಲಿ ಜಗಳ ಆಡ್ದೆ ಬಂದ್ರೆ ಅದೇ ದೊಡ್ಡ ಕಪ್ಪು” ಅನ್ನುವನು. ಗೊಣಗಿದರೂ ಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟಿ ಬುತ್ತಿ ಕಟ್ಟಿದವನು ಅವನೇ. ದಿಂಬಂ ಘಾಟಿ ಇಳಿದು ನೋಡಿದರೆ ಮಳೆಯ ಸುಳಿವೇ ಇಲ್ಲ. ಕೊಯಮತ್ತೂರಿನಲ್ಲಿ ಬಿಸಿಲೆಂದರೆ ಬಿಸಿಲು, ಮೇಲೆ ಧೂಳೆಬ್ಬಿಸುವ ಗಾಳಿ. ಪಾಚಿಯ ಮೇಲೆ ಜಾರದಂತೆ ಓಡಿಸುವುದನ್ನು ತಿಂಗಳುಗಟ್ಟಲೆ ಕಲಿತು ಬಂದ ನಮಗೆ ಮೂರು ಸಲದಲ್ಲಿ ಒಂದು ಸಲವೂ ಒಂದು ಹನಿ ಮಳೆ ಸಿಗಲಿಲ್ಲ ಅಂದರೆ ನಗಬೇಕೋ ಅಳಬೇಕೋ.

ಮೇಲಾಗಿ ಅಲ್ಲಿ ಬೂಟು ಕಡ್ಡಾಯ. ಬೂಟು ಹಾಕಿದ ಅತ್ತಿಗೆಗೆ ಪೆಡಲು ಎಲ್ಲಿದೆ ಎಂದೇ ತಿಳಿಯದೆ ಹೊರಡುವಾಗಲೇ ಇಂಜಿನ್ ಆಫ್. ಎಲ್ಲರೂ ಹೋದ ಮೇಲೆ ಹೊರಟಳು. ಓಟ ಮುಗಿಸಿ ಬಂದ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ಆ ಕಾರುಗಳಿಗೆ ಹಾರ್ನ್ ಇರುವುದಿಲ್ಲ. ನಮ್ಮಲ್ಲಿ ತಿರುವು ಕಂಡರೆ ಹಾರ್ನ್ ಹೊಡೆಯದೆ ಹೋಗುವುದುಂಟೇ? ಮೊದಲ ತಿರುವಿನಲ್ಲಿ ಹೆಬ್ಬೆರಳು ಒತ್ತಿದ್ದಾಳೆ, ಹಾರ್ನ್ ಇಲ್ಲ. ಹಾಗಾಗಿ ಪ್ರತಿ ತಿರುವಿನಲ್ಲೂ ಹೆಲ್ಮೆಟಿನೊಳಗೆ ಬಾಯಲ್ಲೇ ಪೋಂ ಪೋಂ ಎಂದುಕೊಂಡು ಓಡಿಸಿದ್ದಾಳೆ! ಕಾರಿನೊಳಗಿನ ಕ್ಯಾಮೆರಾದಲ್ಲಿ ಅದು ರೆಕಾರ್ಡಾಗಿ, ಸಂಜೆ ಎಲ್ಲರೂ ಸೇರಿ ಕೇಳಿ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತ್ತು. ಅತ್ತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಆದರೆ ಎರಡನೆಯ ಸಲಕ್ಕೆ ಅದೇ ಜನ ಅವಳ ಕ್ಯಾಮೆರಾ ನೋಡುತ್ತಾ ನಗುವುದನ್ನು ಬಿಟ್ಟಿದ್ದರು. ಅಷ್ಟರೊಳಗೆ ಅವಳು ಮನೆಯಲ್ಲಿ ಬೂಟು ಹಾಕಿಕೊಂಡೇ ಟ್ರ್ಯಾಕ್ಟರ್ ಓಡಿಸಿ, ಗದ್ದೆಗೆ ಹೋಗಿ, ಊರವರಿಂದ ಏನಮ್ಮ ಪೊಲೀಸಿಗೆ ಸೇರಿದ್ಯಾ ಎಂದು ಕೇಳಿಸಿಕೊಂಡು, ಬೂಟನ್ನು ತನ್ನ ಕಾಲು ಮಾಡಿಕೊಂಡಿದ್ದಳು. ಎಲ್ಲರೂ ಅವಸರದಲ್ಲಿ ಟೈರು ಸವೆಸಿಕೊಂಡು ಕೊನೆಯ ಸುತ್ತುಗಳಲ್ಲಿ ಜಾರುತ್ತಿರುವಾಗ, ಇವಳು ಸದ್ದಿಲ್ಲದೆ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಏಳನೆಯವಳಾದಳು. ಕಾರು ನಿಲ್ಲಿಸಿ ರಿಪೇರಿ ಮಾಡುವ ಪಿಟ್‌ನಲ್ಲಿ ನಮ್ಮ ಪಕ್ಕದ ಜಾಗ ಕವಿತಾ ಎಂಬ ಈರೋಡಿನ ಹುಡುಗಿಯದು, ಬ್ಯಾಂಕಿನಲ್ಲಿ ಕೆಲಸ. ಅವಳೂ ಅವಳ ಗೆಳತಿಯೂ ಒಂದು ಕಾರು. ಬಹಳ ವೇಗದ ಹುಡುಗಿ, ಅವರ ಜೋಡಿ ಮೂರನೆಯ ಜಾಗದಲ್ಲಿತ್ತು. ನಮ್ಮ ರೊಟ್ಟಿ ಚಟ್ನಿಗೆ ಮರುಳಾಗಿ ಅಕ್ಕಾ ಅಕ್ಕಾ ಎಂದು ಅತ್ತಿಗೆಯ ಹಿಂದೆಯೇ ಇರುತ್ತಿದ್ದಳು. ಎಸ್ಟೇಟಿನ ಲೈನ್ ಮನೆಗಳ ತಮಿಳು ಕೂಲಿಯವರ ಜೊತೆ ಮಾತಾಡಿ ಕಲಿತ ಅತ್ತಿಗೆಯ ತಮಿಳು ಕೇಳಿ ಅವಳಿಗೆ ನಗು.

ಕೊನೆಯ ಸಲ ಹೋಗುವಾಗ ನಮ್ಮ ಕಾರು ಹತ್ತನೆಯ ಜಾಗದಲ್ಲಿತ್ತು. ನನ್ನ ಓಟ ಮೊದಲು. ನಾನು ಯಾರಿಗೂ ಗುದ್ದದೆ, ಯಾರಿಂದಲೂ ಗುದ್ದಿಸಿಕೊಳ್ಳದೆ, ಹಲ್ಲು ಕಚ್ಚಿಕೊಂಡು ಓಡಿಸಿ ಕಾರನ್ನು ಇಡಿಯಾಗಿ ತಂದು ಅತ್ತಿಗೆಯ ಕೈಗೆ ಕೊಟ್ಟೆ. ಲೆಕ್ಕ ಸುಲಭವಾಗಿತ್ತು. ಅವಳು ತನ್ನ ಓಟದಲ್ಲಿ ಎಂಟನೆಯವಳಾಗಿ ಬಂದರೆ ನಾವು ಹತ್ತರಲ್ಲೇ ಉಳಿಯುತ್ತೇವೆ. ಒಂದು ಸ್ಥಾನ ಕಡಿಮೆಯಾದರೂ ಹನ್ನೊಂದಕ್ಕೆ ಇಳಿಯುತ್ತೇವೆ.

ನಾನು ಪಿಟ್ ಗೋಡೆಯ ಹತ್ತಿರ, ಅವಳ ಸ್ಥಾನ ಬರೆದ ಬೋರ್ಡು ಹಿಡಿದು ನಿಂತಿದ್ದೆ. ಕೊನೆಯ ಸುತ್ತು ಶುರುವಾದಾಗ ಅತ್ತಿಗೆ ಎಂಟನೆಯ ಜಾಗದಲ್ಲಿದ್ದಳು. ಅವಳ ಬಾಲಕ್ಕೇ ಅಂಟಿಕೊಂಡು, ಶುರುವಿನಲ್ಲಿ ಹಿಂದೆ ಬಿದ್ದು ಅಟ್ಟಿಸಿಕೊಂಡು ಬರುತ್ತಿದ್ದ ಕವಿತಾ. ಅವರ ಹಿಂದೆ ಸ್ವಲ್ಪ ದೂರದಲ್ಲಿ ಇನ್ನೆರಡು ಕಾರು. ನೇರ ದಾರಿಯಲ್ಲಿ ಬರುತ್ತಿರುವಾಗ ಕವಿತಾ ಲೈಟ್ ಹಾಕತೊಡಗಿದಳು. ಒಂದು ಸಲವಲ್ಲ, ಬಿಡದೆ, ಮಿಣುಕ್ ಮಿಣುಕ್ ಎಂದು. ರೇಸಿನಲ್ಲಿ ಇದು ಮಾಮೂಲು. ಮುಂದಿನವರನ್ನು ಗಾಬರಿಪಡಿಸಲು ಹಿಂದಿನವರು ಲೈಟ್ ಹಾಕುತ್ತಾರೆ, ಯಾರೂ ಕ್ಯಾರೇ ಅನ್ನುವುದಿಲ್ಲ. “ಬಿಡಬೇಡ! ಬಿಡಬೇಡ ಕಣೆ!” ಎಂದು ನಾನು ಕೂಗುತ್ತಲೇ ಇದ್ದೆ.

ಅತ್ತಿಗೆ ಎಡಕ್ಕೆ ಸರಿದಳು. ನಮ್ಮೂರಿನ ದಾರಿಯಲ್ಲಿ ಸರಿಯುವ ಹಾಗೆಯೇ, ಎರಡು ಚಕ್ರ ಮಣ್ಣಿಗೆ ಇಳಿಸಿ ಸೈಡ್ ಕೊಟ್ಟಳು.

ಕವಿತಾಳ ಕಾರು ಅವಳನ್ನು ಸವರಿಕೊಂಡೇ ಹೋದ ಹಾಗೆ ದಾಟಿತು. ದಾಟಿ, ತಿರುವಿನಲ್ಲಿ ತಿರುಗದೆ, ನೆಟ್ಟಗೆ ಹೋಗಿ ಜಲ್ಲಿಯ ರಾಶಿಗೆ ನುಗ್ಗಿ ಹೂತು ನಿಂತಿತು. ಮಣ್ಣಿಗೆ ಇಳಿದ ಅತ್ತಿಗೆ ಮತ್ತೆ ಟ್ರ್ಯಾಕಿಗೆ ಹತ್ತುವಷ್ಟರಲ್ಲಿ ಹಿಂದಿದ್ದ ಎರಡೂ ಕಾರು ಮುಂದೆ ಹೋಗಿದ್ದವು. ಹತ್ತನೆಯವಳಾಗಿ ಮುಗಿಸಿದಳು. ಒಟ್ಟು ಅಂಕದ ಪಟ್ಟಿಯಲ್ಲಿ ನಮ್ಮ ಕಾರು ಹನ್ನೊಂದು.

ಹೆಲ್ಮೆಟ್ ತೆಗೆಯಲೂ ಬಿಡದೆ ನಾನು ಅವಳ ಮೇಲೆ ಎಗರಿಬಿದ್ದೆ. “ಏನಾಗಿತ್ತು ನಿಂಗೆ? ಯಾರಾದ್ರೂ ರೇಸಲ್ಲಿ ಸೈಡ್ ಕೊಡ್ತಾರಾ? ಲೈಟ್ ಹಾಕೋದು ಹೆದರಿಸೋಕೆ ಅಂತ ನೂರು ಸಲ ಹೇಳಿದ್ನಲ್ಲೆ!”

ಅವಳು ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದಳು. “ಹೆದ್ರಸೋರು ಹಂಗೆ ಹಾಕಲ್ಲ ಕಣೆ. ಎಲ್ಡು ಸಲ ಹಾಕ್ತಾರೆ, ಬಿಡ್ತಾರೆ. ಬಿಡ್ದೆ ಹಾಕ್ತಾರೆ ಅಂದ್ರೆ ಘಾಟೀಲಿ ಏನು ಅರ್ಥ? ಬ್ರೇಕ್ ಹೋಗಿರ್ತದೆ, ಇಲ್ಲ ಹೆರಿಗೆ ನೋವು ಬಂದೋಳು ಗಾಡೀಲಿ ಇರ್ತಾಳೆ. ಇಲ್ಲಿ ಹೆರಿಗೆ ನೋವಂತೂ ಅಲ್ಲ.”

ಅಷ್ಟರಲ್ಲಿ ಕವಿತಾ ಜಲ್ಲಿಯ ಧೂಳು ಮೆತ್ತಿಕೊಂಡು ಓಡಿಬಂದಳು. ಬಂದವಳೇ ಅತ್ತಿಗೆಯನ್ನು ತಬ್ಬಿಕೊಂಡು ಅಳಲಿಕ್ಕೆ ಶುರುಮಾಡಿದಳು. “ಅಕ್ಕಾ, ಬ್ರೇಕ್ ಇಲ್ಲೆ, ಬ್ರೇಕೇ ಇಲ್ಲೆ” ಎಂಬುದೊಂದೇ ಮಾತು. ಬಿಸಿಲಿಗೆ, ಅವಳ ವೇಗಕ್ಕೆ ಬ್ರೇಕು ಕಾದು ಹಿಡಿತ ಬಿಟ್ಟಿತ್ತು. ಅತ್ತಿಗೆ ಸರಿಯದೆ ಇದ್ದಿದ್ದರೆ ತಿರುವಿನಲ್ಲಿ ಆ ಕಾರು ಇವಳ ಬೆನ್ನಿಗೇ ಬರುತ್ತಿತ್ತು. ನಾನು ಕೈಯಲ್ಲಿದ್ದ ಬೋರ್ಡನ್ನು ಕೆಳಗಿಟ್ಟೆ. ಪಕ್ಕದಲ್ಲಿದ್ದ ಅಣ್ಣ ಕಣ್ಣೊರೆಸಿಕೊಂಡು, “ಮದ್ವೆ ಆದಾಗಿಂದ ನಂಗೊಂದು ದಿನ ಸೈಡ್ ಕೊಟ್ಟಿಲ್ಲ ಇವ್ಳು” ಅಂದ. ಅಳುತ್ತಿದ್ದ ಕವಿತಾಗೂ ನಗು ಬಂತು.

ದಾರಿಯುದ್ದಕ್ಕೂ ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಾ ಬಂದಳು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂಬ ಚಿಂತೆ ಅವಳಿಗಿರಲಿಲ್ಲ, ಅದು ನನಗೆ ಗೊತ್ತು. ಅವಳಿಗೆ ಬೇಕಾಗಿದ್ದ ಒಂದೇ ಒಂದು ವಸ್ತು ಕೈತಪ್ಪಿತ್ತು, ಅದರ ದುಃಖ. ಮನೆಗೆ ಬಂದ ಮೇಲೆ ಬೂಟನ್ನು ಒರೆಸಿ ಅಟ್ಟದ ಮೇಲಿಟ್ಟಳು.

ಸುಗ್ಗಿಯ ಹುತ್ತರಿ ಹಬ್ಬ ಹತ್ತಿರ ಬಂದಾಗ ಕವಿತಾ ಫೋನು ಮಾಡಿದಳು. ಅವಳ ಗೆಳತಿಗೆ ದೂರದ ಊರಿಗೆ ವರ್ಗ, ಇನ್ನು ಓಡಿಸುವುದಿಲ್ಲ. ಹತ್ತರೊಳಗೆ ಉಳಿದಿದ್ದ ಕವಿತಾಳ ಕಾರಿನಲ್ಲಿ ಒಬ್ಬರಿಗೆ ಜಾಗವಿದೆ. “ರತ್ನಕ್ಕ ಬರಬೇಕು, ಬೇರೆ ಯಾರನ್ನೂ ನಾನು ಕೇಳುದಿಲ್ಲ” ಎಂದು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು. ಒಬ್ಬರಿಗೆ. ಇಬ್ಬರಿಗಲ್ಲ.

ನನಗೆ ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಚಿಕ್ಕಂದಿನಿಂದ ರೇಸು ರೇಸು ಎಂದು ಸತ್ತವಳು ನಾನು, ಕರೆ ಬಂದದ್ದು ರೊಟ್ಟಿ ಡಬ್ಬಿ ಹಿಡಿದುಕೊಂಡು ಬಂದವಳಿಗೆ. ಅತ್ತಿಗೆ ಒಲೆಯ ಮುಂದೆ ನಿಂತು ಒಂದೇ ಮಾತಲ್ಲಿ ಮುಗಿಸಿದಳು. “ಬ್ಯಾಡ. ಇಬ್ರೂ ಅಂದ್ರೆ ಹೋಗಾನ, ಇಲ್ದಿದ್ರೆ ನಂಗೆ ಬ್ಯಾಡ.”

ಆಗ ನನಗೆ ಬಂದ ಸಿಟ್ಟು ಇದೆಯಲ್ಲ, ಅದು ಹೊಟ್ಟೆಯುರಿಯನ್ನೂ ನುಂಗಿಹಾಕಿತು. ಸೌಟು ಕಿತ್ತುಕೊಂಡು ಪಕ್ಕಕ್ಕಿಟ್ಟೆ. “ನೋಡಿಲ್ಲಿ. ನಾನು ಗೆಲ್ಲಬೇಕು ಅಂತ ಓಡಿಸೋಳು. ಸೋತ್ರೆ ಬಂದು ಉಂಡು ಮಲಗ್ತೀನಿ, ಬೆಳಗ್ಗೆ ಎದ್ದು ಸಸಿಗೆ ನೀರು ಹಾಕ್ತೀನಿ. ನೀನು ಹಂಗಲ್ಲ. ಕೊಯಮತ್ತೂರಿಂದ ಬಂದಾಗಿಂದ ನೀನು ಒಂದು ದಿನ ನೆಟ್ಟಗೆ ಉಂಡಿಲ್ಲ. ನಿನ್ನಂಗೆ ಓಡಿಸೋರನ್ನ ನಾನು ನೋಡಿಲ್ಲ, ಅದು ಬಾಯಲ್ಲಿ ಹೇಳೋಕೆ ನಂಗೆ ಇಷ್ಟು ದಿನ ಬೇಕಾಯ್ತು. ನನ್ನ ನೆಪ ಹೇಳ್ಕೊಂಡು ಮನೇಲಿ ಕೂತ್ರೆ, ನೋಡು, ನಾನು ನಿನ್ನ ಜೊತೆ ಮಾತೇ ಬಿಟ್ಬಿಡ್ತೀನಿ.”

“ನೀನು ಮಾತು ಬಿಡ್ತೀಯಾ?” ಎಂದು ಅಣ್ಣ ಜಗುಲಿಯಿಂದ ಕೇಳಿದ. “ಅಷ್ಟು ಪುಣ್ಯ ನಮಗೆಲ್ಲಿ?”

ಅತ್ತಿಗೆ ನಗಲಿಲ್ಲ. ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಅಟ್ಟ ಹತ್ತಿ ಬೂಟು ಇಳಿಸಿದಳು.

ಮುಂದಿನ ವರ್ಷದ ಮೊದಲ ಓಟಕ್ಕೆ ನಾನು ನರ್ಸರಿಗೆ ಬಾಗಿಲು ಹಾಕಿ ಹೋದೆ. ಕಾರಿನ ಬಾಗಿಲ ಮೇಲೆ ಅವಳ ಹೆಸರು, ಕವಿತಾಳ ಹೆಸರು. ನೋಡಿದಾಗ ಎದೆಯಲ್ಲಿ ಚುಳುಕ್ ಅಂತು. ಅದು ಓಟ ಶುರುವಾಗುವವರೆಗೆ ಮಾತ್ರ. ಹನ್ನೆರಡನೆಯ ಜಾಗದಿಂದ ಹೊರಟವಳು ಸುತ್ತು ಸುತ್ತಿಗೂ ಒಬ್ಬೊಬ್ಬರನ್ನು ದಾಟುತ್ತಾ ಬಂದಳು. ನಾನು ಗೋಡೆಯ ಮೇಲೆ ಹತ್ತಿ ನಿಂತು, ಕೆಳಗಿಳಿಯಿರಿ ಎಂದವರ ಮೇಲೆ ರೇಗಿ, ಅವಳ ಹೆಸರು ಕೂಗಿದ್ದೇ ಕೂಗಿದ್ದು. ಮೂರನೆಯವಳಾಗಿ ಬಂದು, ಗೆದ್ದವರನ್ನು ನಿಲ್ಲಿಸುವ ಆ ಮೆಟ್ಟಿಲ ಮೇಲೆ ನಿಂತಳು ನನ್ನ ಅತ್ತಿಗೆ.

ಊರಿಗೆ ಬಂದಾಗ ನನ್ನ ಗಂಟಲು ಪೂರ್ತಿ ಹೋಗಿತ್ತು. ನರ್ಸರಿಗೆ ಬಂದವರಿಗೆಲ್ಲ ಕೈಸನ್ನೆಯಲ್ಲೇ ಸಸಿ ಕೊಟ್ಟೆ. ಬೋಪಯ್ಯನವರು ಜೀಪಿನಿಂದ ಇಳಿದು, “ಎಂಥ ಆಯ್ತು ಮಾರಾಯ್ತಿ, ರೇಸ್ ಓಡಿದ್ದು ನೀನಾ, ಅತ್ತಿಗೆಯಾ?” ಎಂದು ಕೇಳಿದರು. ನಾನು ಅತ್ತಿಗೆಯಿದ್ದ ಮನೆಯ ಕಡೆ ಕೈ ಮಾಡಿ, ಮೂರು ಬೆರಳು ಎತ್ತಿ ತೋರಿಸಿದೆ.